ನೀವು ನೆಟ್ಟ ಮರ, ನಾನು ಗುಡಿಸಿದ ಎಲೆ

ಹಿಕ್ಸ್ ಬಾಟಮ್, ಜಾರ್ಜಿಯಾ
17 ನವೆಂಬರ್ 1997

ಶ್ರೀಮತಿ ಲುವೀನಿಯಾ ಬ್ಯಾಟಲ್ ಅವರಿಗೆ,

ಈ ಪತ್ರದ ಜೊತೆ ಒಂದು ಪೆಟ್ಟಿಗೆ ಬಂದಿದೆ. ಎಲ್ಜಿನ್ ಅವರು ಕೊನೆಯದಾಗಿ ಕೊಂಡ ಬೂಟಿನ ಪೆಟ್ಟಿಗೆ ಅದು. ಬೂಟು ಇಲ್ಲೇ ಇದೆ, ಅದನ್ನು ಕೊಡುವುದಿಲ್ಲ. ಪೆಟ್ಟಿಗೆಯೊಳಗಿರುವುದು ನಿಮ್ಮ ಎಲೆಗಳು. ನಿನ್ನೆ ಬೆಳಿಗ್ಗೆ ನನ್ನ ಅಂಗಳದ ಒಂದು ಮೂಲೆಯಿಂದ ಗುಡಿಸಿ ತುಂಬಿದ್ದು.

ನಮ್ಮ ಕಡೆ ಅಂಗಳದಲ್ಲಿ ಹುಲ್ಲು ಬಿಟ್ಟುಕೊಂಡವಳನ್ನು ಸೋಮಾರಿ ಅನ್ನುತ್ತಾರೆ. ನೀವೂ ಇಲ್ಲಿ ಹನ್ನೆರಡು ವರ್ಷ ಸಂಸಾರ ಮಾಡಿದವರು, ನಿಮಗೆ ಗೊತ್ತು. ಮಣ್ಣು ಹೊಳೆಯಬೇಕು, ಪೊರಕೆಯ ಗೆರೆ ಕಾಣಬೇಕು. ಬೇರೆಯವರ ಮನೆಯ ಮರಗಳು ಮರ್ಯಾದೆಯಾಗಿ ಒಂದು ವಾರದಲ್ಲಿ ಎಲೆ ಉದುರಿಸಿ ಸುಮ್ಮನಾಗುತ್ತವೆ. ನೀವು ನೆಟ್ಟ ಈ ವಾಟರ್ ಓಕ್ ಮರ ನವೆಂಬರಿನಲ್ಲಿ ಶುರು ಮಾಡಿದರೆ ಫೆಬ್ರವರಿಯವರೆಗೆ ದಿನಕ್ಕಿಷ್ಟು ಅಂತ ಉದುರಿಸುತ್ತದೆ. ಮೂವತ್ತೇಳು ಚಳಿಗಾಲ ನಾನು ಇನ್ನೊಬ್ಬಳ ಮರದ ಎಲೆ ಗುಡಿಸಿದ್ದೇನೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದಾಳೆ ಅಂದುಕೊಳ್ಳುತ್ತೀರಿ. ಸೆಪ್ಟೆಂಬರಿನಲ್ಲಿ ಅವರನ್ನು ಮಣ್ಣು ಮಾಡಿದ ದಿನ ನೀವು ಬಿಳಿ ಟೋಪಿ ಹಾಕಿಕೊಂಡು ಬಂದಿರಿ. ಬರಬೇಡಿ ಅನ್ನುವ ಹಕ್ಕು ನನಗಿಲ್ಲ. ಆದರೆ ಎಲ್ಲರೂ ಚರ್ಚಿನ ಹಿಂದೆ ಊಟಕ್ಕೆ ಕೂತಾಗ ನೀವು ಮಾತ್ರ ನಮ್ಮ ಮನೆಗೆ ನಡೆದುಕೊಂಡು ಬಂದು, ಬಾಗಿಲು ತಟ್ಟದೆ, ಆ ಮರದ ಮೇಲೆ ಅಂಗೈ ಇಟ್ಟು ನಿಂತಿರಿ. ಗಂಡನನ್ನು ಕಳೆದುಕೊಂಡವಳು ನಾನು. ಸಮಾಧಾನ ಮರಕ್ಕೆ ಸಿಕ್ಕಿತು. ರಸ್ತೆಯಲ್ಲಿ ಹೋಗುವವರೆಲ್ಲ ನೋಡಿದರು. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು, ಇವತ್ತಿಗೂ ಆರಿಲ್ಲ.

ವಿಷಯ ಇಷ್ಟೆ. ಮರ ಕಡಿಸುತ್ತಿದ್ದೇನೆ. ಬುಡದಲ್ಲಿ ತಟ್ಟೆ ಜೋಡಿಸಿದ ಹಾಗೆ ಅಣಬೆ ಎದ್ದಿದೆ. ಕೊಂಬೆಗಳೆಲ್ಲ ನನ್ನ ಮಲಗುವ ಕೋಣೆಯ ಮೇಲೆ ಬಾಗಿವೆ. ಮರ ಕಡಿಯುವ ಮೋಸ್ಲಿ, ನಮ್ಮ ಚರ್ಚಿನ ಡೀಕನ್, ಬಂದು ಸುತ್ತಲೂ ನೋಡಿ, "ಜೆನೀವಕ್ಕ, ಈ ಮರ ನಿಂತಿರೋದು ಬರೀ ಅಭ್ಯಾಸದ ಮೇಲೆ" ಅಂದ. ನೆಟ್ಟವರಿಗೆ ಒಂದು ಮಾತು ತಿಳಿಸುವುದು ಧರ್ಮ ಅಂತ ತಿಳಿಸಿದ್ದೇನೆ. ಒಪ್ಪಿಗೆ ಕೇಳುತ್ತಿಲ್ಲ.

ಇತಿ,
ಜೆನೀವಾ ಟಾಲಿವರ್
(ಎಲ್ಜಿನ್ ಟಾಲಿವರ್ ಅವರ ಹೆಂಡತಿ)


ಸವಾನಾ
1 ಡಿಸೆಂಬರ್ 1997

ಜೆನೀವಾಗೆ,

ಪೆಟ್ಟಿಗೆ ತಲುಪಿತು. ಅಂಚೆಯವನು ಅಲ್ಲಾಡಿಸಿ ನೋಡಿ, "ಏನಮ್ಮ ಇದು, ಒಳಗೆ ಏನೂ ಇಲ್ವಲ್ಲ?" ಅಂದ. "ನನ್ನ ಮೊದಲನೇ ಗಂಡನ ಎರಡನೇ ಹೆಂಡತಿಯ ಸಿಟ್ಟಿದೆ, ಮೆಲ್ಲಗೆ ಇಡಪ್ಪ" ಅಂದೆ.

ಎಲೆಗಳನ್ನು ಮೇಜಿನ ಮೇಲೆ ಹರಡಿ ನೋಡಿದೆ. ಒಂದೇ ಮರದಲ್ಲಿ ಮೂರು ಬಗೆ. ಚಮಚದ ಹಾಗೆ ತುದಿ ಅಗಲ ಬುಡ ಸಣ್ಣ ಇರುವುದು, ಮೂರು ಬೆರಳು ಚಾಚಿದ ಹಾಗಿರುವುದು, ಸುಮ್ಮನೆ ಉದ್ದಕ್ಕಿರುವುದು. ನಾನು ಇಲ್ಲಿ ಇಪ್ಪತ್ತೆಂಟು ವರ್ಷ ಗಿಡಗಳ ನರ್ಸರಿಯಲ್ಲಿ ಕೆಲಸ ಮಾಡಿದವಳು. ಸಸಿಯಾಗಿರುವಾಗ ವಾಟರ್ ಓಕ್‌ನ ಎಲೆಯನ್ನು ನಂಬಬೇಡ ಅಂತ ಹೊಸ ಕೆಲಸದವರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದೆವು. ನನಗೆ ಅದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ.

ನಿನಗೊಂದು ವಿಷಯ ಗೊತ್ತಿರಲಾರದು. ನಾವು ನೆಡಲು ಹೋದದ್ದು ವಾಟರ್ ಓಕ್ ಅಲ್ಲ. ನಲವತ್ತಾರರ ಜನವರಿಯಲ್ಲಿ, ಮದುವೆಯಾದ ಮೂರನೇ ವಾರ, ಇಬ್ಬರೂ ಹೊಳೆಯ ತಗ್ಗಿಗೆ ಗುದ್ದಲಿ ತೆಗೆದುಕೊಂಡು ಹೋದೆವು. ಲೈವ್ ಓಕ್ ಬೇಕಿತ್ತು. ಅದು ಮುನ್ನೂರು ವರ್ಷ ಬಾಳುವ ಮರ, ಮೊಮ್ಮಕ್ಕಳ ಮೊಮ್ಮಕ್ಕಳಿಗೂ ನೆರಳು. ಚಳಿಗಾಲದಲ್ಲೂ ಹಸಿರಾಗಿದ್ದರೆ ಅದೇ ಲೈವ್ ಓಕ್, ಇಷ್ಟೇ ನಮ್ಮಿಬ್ಬರ ವಿದ್ಯೆ. ಎಳೆಯ ವಾಟರ್ ಓಕ್ ಕೂಡ ಚಳಿಯಲ್ಲಿ ಎಲೆ ಹಿಡಿದುಕೊಂಡಿರುತ್ತದೆ. ಅದನ್ನೇ ಅಗೆದು ತಂದೆವು. ವರ್ಷಕ್ಕೆ ಒಂದು ಮೊಳದ ಮೇಲೆ ಬೆಳೆಯಿತು. ಎಲ್ಜಿನ್ ಹಿಗ್ಗಿ, "ನೋಡೇ ಲೂ, ನಮ್ಮ ಮರಕ್ಕೆ ಎಷ್ಟು ಅವಸರ" ಅನ್ನುತ್ತಿದ್ದ. ಬೇಗ ಬೆಳೆಯುವ ಜಾತಿ ಅದು, ಐವತ್ತು ಅರವತ್ತು ವರ್ಷಕ್ಕೆಲ್ಲ ಒಳಗಿನಿಂದಲೇ ಕೊಳೆತು ಟೊಳ್ಳಾಗುತ್ತದೆ. ಅದು ಲೈವ್ ಓಕ್ ಅಲ್ಲ ಅಂತ ನನಗೆ ಗೊತ್ತಾದದ್ದು ಅವನನ್ನು ಬಿಟ್ಟುಬಂದ ಮೇಲೆ, ಅರವತ್ತನೇ ಇಸವಿಯಲ್ಲಿ, ಈ ನರ್ಸರಿಯಲ್ಲಿ. ಅವನಿಗೆ ಹೇಳಬೇಕು ಅಂದುಕೊಂಡೆ. ಹೇಳಲಿಲ್ಲ.

ಕಡಿಸುವ ಮೊದಲು ಒಮ್ಮೆ ಪರೀಕ್ಷೆ ಮಾಡು. ಮರದ ಕೊಡತಿ ತೆಗೆದುಕೊಂಡು ಬುಡದಿಂದ ಎದೆಮಟ್ಟದವರೆಗೆ ಸುತ್ತ ಬಡಿದು ನೋಡು. ಗಟ್ಟಿ ಸದ್ದು ಬಂದರೆ ಇನ್ನೂ ಕೆಲವು ವರ್ಷ ಇರುತ್ತದೆ. ಒಣಕೊಂಬೆ ತೆಗೆಸು, ಬಂದಣಿಕೆ ಕೀಳಿಸು, ಬೇರಿನ ಮೇಲೆ ಯಾರೂ ಗಾಡಿ ನಿಲ್ಲಿಸದ ಹಾಗೆ ನೋಡಿಕೋ. ಅದರ ಬೇರು ಮೇಲೆಮೇಲೇ ಇರುತ್ತದೆ, ಭಾರ ತಡೆಯುವುದಿಲ್ಲ. ಡೋಲಿನ ಸದ್ದು ಬಂದರೆ ಕಡಿಸು.

ಹೊಟ್ಟೆಗೆ ಬೆಂಕಿ ಬಿತ್ತು ಅಂದೆಯಲ್ಲ. ಅವನು ಮೂವತ್ತೇಳು ವರ್ಷ ನಿನ್ನ ಕೈ ಊಟ ಉಂಡ. ನನಗೆ ಸಿಕ್ಕಿದ್ದು ಹನ್ನೆರಡು ವರ್ಷ. ಆಮೇಲೆ ಮದುವೆಯಾದ ಬ್ಯಾಟಲ್ ಒಳ್ಳೆಯವರೇ, ಅವರೂ ಹೋದರು. ನಾನು ಒಂದು ಮರ ಮುಟ್ಟಿದ್ದಕ್ಕೆ ನೀನು ಬೂಟಿನ ಪೆಟ್ಟಿಗೆ ಕಳಿಸುತ್ತೀಯ.

ಲುವೀನಿಯಾ


ಹಿಕ್ಸ್ ಬಾಟಮ್
20 ಡಿಸೆಂಬರ್ 1997

ಲುವೀನಿಯಾ ಅವರಿಗೆ,

ನನಗೆ ಪಾಠ ಹೇಳಲು ನಿಮ್ಮನ್ನು ಯಾರು ಕರೆದರು ಅಂತ ಮೊದಲು ಪತ್ರವನ್ನು ಒಲೆಯ ಹತ್ತಿರ ತೆಗೆದುಕೊಂಡು ಹೋದೆ. ಆಮೇಲೆ ಕೊಡತಿ ಹುಡುಕಿದೆ.

ಬಡಿದು ನೋಡಿದೆ. ಉತ್ತರದ ಕಡೆ ಡೋಲು. ಪಶ್ಚಿಮದ ಕಡೆ ಡೋಲು. ದಕ್ಷಿಣದಲ್ಲಿ ಎದೆಮಟ್ಟದಲ್ಲಿ ಮಾತ್ರ ಬಂಡೆಗೆ ಬಡಿದ ಹಾಗೆ ಸದ್ದು. ಅದು ಏನು ಅಂತ ನನಗೆ ಗೊತ್ತು. ಸಿಮೆಂಟು.

ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಯಾಕೆ ಹೇಳುತ್ತಿದ್ದೇನೋ. ಅರವತ್ತೆಂಟರ ಗಾಳಿಮಳೆಗೆ ಆ ಕಡೆಯ ದೊಡ್ಡ ಕೊಂಬೆ ಸೀಳಿ ಬಿತ್ತು. ಅಲ್ಲಿ ತೂತು ಬಿದ್ದು ಎರಡು ವರ್ಷದಲ್ಲಿ ತಲೆ ಹೋಗುವಷ್ಟು ಪೊಟರೆಯಾಯಿತು. ನಾನು ಕಡಿಸಿ ಅಂದೆ. ಅವರು ಬೇಡ ಅಂದರು. ಎಪ್ಪತ್ತೊಂದರ ಏಪ್ರಿಲ್ ಕೊನೆಗೆ ಮಾತಿಗೆ ಮಾತು ಬೆಳೆಯಿತು. "ಅವಳು ನೆಟ್ಟಿದ್ದು ಅಂತ ತಾನೇ ಇಟ್ಕೊಂಡಿರೋದು? ಆ ಮರ ಇರ್ಲಿ, ಇಲ್ಲ ನಾನಿರ್ತೀನಿ" ಅಂದೆ. ಅವರು ಟೋಪಿ ತೆಗೆದುಕೊಂಡು ಹೊರಗೆ ಹೋದರು. ನಾನು ಡಾಸನ್‌ನಲ್ಲಿದ್ದ ತಂಗಿಯ ಮನೆಗೆ ಹೋದೆ. ಹನ್ನೊಂದು ದಿನ ಅಲ್ಲಿದ್ದೆ. ಯಾರೂ ಕರೆಯಲು ಬರಲಿಲ್ಲ. ಹನ್ನೆರಡನೇ ದಿನ ನಾನೇ ವಾಪಸ್ ಬಂದೆ, ನನ್ನ ಕೋಳಿಗಳ ನೆಪ ಹೇಳಿಕೊಂಡು.

ಬಂದ ಮಾರನೆಯ ಬೆಳಿಗ್ಗೆ ಅಡಿಗೆಮನೆ ಕಿಟಕಿಯಿಂದ ನೋಡುತ್ತೇನೆ, ಅವರು ಪೊಟರೆಗೆ ಸಿಮೆಂಟ್ ತುಂಬಿ ಕರಣೆಯಿಂದ ನುಣ್ಣಗೆ ಮಾಡುತ್ತಿದ್ದಾರೆ. ಆಗ ಊರಿನಲ್ಲೆಲ್ಲ ಮರಕ್ಕೆ ಹಾಗೇ ಮಾಡುತ್ತಿದ್ದರು, ಹಲ್ಲಿನ ಹುಳುಕಿಗೆ ಮಾಡುವ ಹಾಗೆ. ಆಮೇಲೆ ಜೇಬಿನಿಂದ ಮೊಳೆ ತೆಗೆದು ಹಸಿ ಸಿಮೆಂಟಿನ ಮೇಲೆ ಏನೋ ಗೀಚಿದರು. ತುಂಬ ಹೊತ್ತು ನೋಡಿದರು. ಸಂಜೆಯಾಗುವುದರೊಳಗೆ ಅದರ ಮೇಲೆ ಟಾರು ಬಳಿದುಬಿಟ್ಟರು. ವರ್ಷ ಕಳೆದ ಹಾಗೆ ಸುತ್ತಲಿನ ತೊಗಟೆ ಬೆಳೆದು ಅದನ್ನು ಪೂರ್ತಿ ಮುಚ್ಚಿತು.

ಅವರು ಎಲ್ಲದರ ಮೇಲೂ ಗೀಚುವವರು. ಬಾವಿಯ ಪಂಪಿನ ಮೇಲೆ "ಹೊಸ ವಾಷರ್, ಜೂನ್ 64" ಅಂತ ಇದೆ. ಕೋಳಿಗೂಡಿನ ಬಾಗಿಲ ಮೇಲೆ "ನರಿ ಬಂತು, ಮಾರ್ಚ್ 66" ಅಂತ ಇದೆ. ಆದರೆ ಅವನ್ನೆಲ್ಲ ಯಾರು ಬೇಕಾದರೂ ಓದಬಹುದು. ಟಾರು ಬಳಿದು ಮುಚ್ಚಿದ್ದು ಇದೊಂದನ್ನೇ. ನನಗೆ ಕಾಣಬಾರದ ಹೆಸರು ಯಾವುದು ಹೇಳಿ. ಇಪ್ಪತ್ತಾರು ವರ್ಷ ಅವರ ಪಕ್ಕದಲ್ಲಿ ಮಲಗಿದೆ, ಒಂದು ದಿನವೂ ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಿದ್ದರು, ಅವರಿಗೆ ಸುಳ್ಳು ಬರುತ್ತಿರಲಿಲ್ಲ. ಅದಕ್ಕೇ ಕೇಳಲಿಲ್ಲ.

ಮೋಸ್ಲಿಗೆ ಎರಡು ಸಲ ದಿನ ಗೊತ್ತು ಮಾಡಿ ಎರಡು ಸಲವೂ ಬೇಡ ಅಂತ ಹೇಳಿ ಕಳಿಸಿದ್ದೇನೆ. ಮರ ಬಿದ್ದರೆ ನನ್ನ ಮನೆ ಹೋಗುತ್ತದೆ. ಕಡಿಸಿದರೆ ಆ ಹೆಸರು ಓದಬೇಕಾಗುತ್ತದೆ. ನೀವು ಖುಷಿಪಡಿ.

ಜೆನೀವಾ ಟಾಲಿವರ್


ಸವಾನಾ
9 ಜನವರಿ 1998

ಜೆನೀವಾ,

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಅಂದರೆ ಮಡಿಕೆಯಲ್ಲಿ ಹರಿದಿದೆ.

ಮೊದಲು ಮರದ ಮಾತು. ಸಿಮೆಂಟ್ ತುಂಬಿದ್ದು ತಪ್ಪು. ಗಾಳಿಗೆ ಮರ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ನಡುವೆ ಸಂದಿ ಬಿಟ್ಟು ನೀರು ಇಳಿಯುತ್ತದೆ, ಕೊಳೆತ ಇನ್ನೂ ಬೇಗ ಹಬ್ಬುತ್ತದೆ. ಗಾಯವನ್ನು ಹಾಗೇ ಬಿಟ್ಟಿದ್ದರೆ ಮರವೇ ತನ್ನ ಪಾಡಿಗೆ ಮುಚ್ಚಿಕೊಳ್ಳುತ್ತಿತ್ತೋ ಏನೋ. ಅವನು ಕಾಪಾಡಲು ಹೋಗಿ ಕೆಡಿಸಿದ. ಎರಡು ಕಡೆ ಡೋಲಿನ ಸದ್ದು ಬಂದಿದೆ ಅಂದರೆ ಇನ್ನು ಕಾಯಬೇಡ. ಮಲಗುವ ಕೋಣೆ ಬದಲಾಯಿಸು, ಇವತ್ತೇ.

ಇನ್ನು ಎರಡನೇ ಮಾತು. ಖುಷಿಪಡು ಅಂದೆಯಲ್ಲ, ಪಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ನನಗೆ ಎಪ್ಪತ್ತು ವರ್ಷ. ಇವತ್ತಿನವರೆಗೆ ಯಾರೂ ನನ್ನ ಹೆಸರನ್ನು ಎಲ್ಲೂ ಬರೆದದ್ದು ನನಗೆ ಗೊತ್ತಿಲ್ಲ. ಬರೆದಿದ್ದರೆ ಸಾಕು, ಇಟ್ಟುಕೊಳ್ಳಲು ಬೇಕಿಲ್ಲ. ನಿನಗೆ ಮನೆಯಿದೆ, ಅವನ ಬೂಟಿದೆ, ಚರ್ಚಿನ ಹಿಂದೆ ಅವನ ಪಕ್ಕದಲ್ಲಿ ನಿನಗೆ ಜಾಗ ಇದೆ. ನನಗೆ ಒಂದು ಮುಷ್ಟಿ ಸಿಮೆಂಟ್ ಸಿಕ್ಕರೆ ನಿನ್ನ ಗಂಟೇನು ಹೋಗುತ್ತದೆ?

ಒಂದು ಕರಾರು ಮಾಡಿಕೊಳ್ಳೋಣ. ಕಡಿಸು. ಓದು. ನನ್ನ ಹೆಸರಿದ್ದರೆ ಒಂದು ಸಾಲು ಬರೆ. ನಿನ್ನ ಹೆಸರಿದ್ದರೆ ಬರೆಯಬೇಡ, ಯಾವತ್ತೂ ಬರೆಯಬೇಡ. ಪತ್ರ ಬರದಿದ್ದರೆ ತಿಳಿದುಕೊಳ್ಳುತ್ತೇನೆ. ನಿನ್ನ ಕೈಯಿಂದ ಅದನ್ನು ಓದುವ ಶಕ್ತಿ ನನಗಿಲ್ಲ.

ಲುವೀನಿಯಾ


ಹಿಕ್ಸ್ ಬಾಟಮ್
17 ಫೆಬ್ರವರಿ 1998

ಲುವೀನಿಯಾ ಅವರಿಗೆ,

ಇದು ಕರಾರಿನ ಪತ್ರವಲ್ಲ, ಆಸೆ ಇಟ್ಟುಕೊಳ್ಳಬೇಡಿ.

ನಿನ್ನೆಯ ಗಾಳಿಗೆ ಒಂದು ಕೊಂಬೆ ಬಂದು ಮಲಗುವ ಕೋಣೆಯ ಚಾವಣಿಯ ಮೇಲೆ ಕೂತಿತು. ಮಂಚದ ಮೇಲೆ ಹಂಚಿನ ಚೂರು, ಅಳಿಲುಗೂಡು, ಒಂದು ಹೊರೆ ಬಂದಣಿಕೆ. ನಾನು ಆ ಮಂಚದಲ್ಲಿರಲಿಲ್ಲ. ನಿಮ್ಮ ಪತ್ರ ಬಂದ ದಿನವೇ ಹಾಸಿಗೆಯನ್ನು ಮುಂದಿನ ಕೋಣೆಗೆ ಎಳೆದುಕೊಂಡಿದ್ದೆ. ನೀವು ಹೇಳಿದ್ದಕ್ಕೆ ಅಲ್ಲ, ಚಳಿ ಅಂತ. ಹಾಗಂತ ಮೋಸ್ಲಿಗೆ ಹೇಳಿದೆ.

ಸೋಮವಾರ ಕಡಿಯುತ್ತಾರೆ.

ಜೆನೀವಾ


ಹಿಕ್ಸ್ ಬಾಟಮ್
6 ಏಪ್ರಿಲ್ 1998

ಲುವೀನಿಯಾ ಅಕ್ಕನಿಗೆ,

ಆರು ವಾರ ನಾನು ಬರೆಯಲಿಲ್ಲ. ಅದರ ಅರ್ಥ ನಿಮಗೆ ಗೊತ್ತಾಗಿದೆ. ಮೊದಲ ವಾರ ಎಷ್ಟು ಸುಖ ಅಂತೀರಿ. ಬೆಳಿಗ್ಗೆ ಏಳುವಾಗಲೇ ನೆನಪಾಗುತ್ತಿತ್ತು, ಈಗ ಸವಾನಾದಲ್ಲಿ ಅವಳು ಅಂಚೆಡಬ್ಬಿ ನೋಡುತ್ತಾಳೆ, ಅಲ್ಲಿ ಏನೂ ಇರುವುದಿಲ್ಲ ಅಂತ. ನಾನು ಒಳ್ಳೆಯವಳಲ್ಲ, ನಿಮಗೆ ಬೂಟಿನ ಪೆಟ್ಟಿಗೆ ಬಂದ ದಿನವೇ ಗೊತ್ತಾಗಿರಬೇಕು.

ಆ ಸೋಮವಾರ ಮೋಸ್ಲಿ ಕೊಂಬೆಗಳನ್ನೆಲ್ಲ ಇಳಿಸಿ ಕಾಂಡಕ್ಕೆ ಬಂದಾಗ ಗರಗಸ ಕಿರುಚಿ ನಿಂತಿತು. "ಅಕ್ಕ, ಇದರ ಹೊಟ್ಟೇಲಿ ಕಲ್ಲಿದೆ" ಅಂದ. ಕೊಡಲಿಯಿಂದ ಸುತ್ತಲೂ ಬಿಡಿಸಿದ. ಒಳಗೆ ಮರ ಅನ್ನುವುದೇ ಇರಲಿಲ್ಲ, ಕಾಫಿಪುಡಿಯ ಹಾಗೆ ಉದುರಿತು. ಸಿಮೆಂಟಿನ ಮುದ್ದೆ ಮಾತ್ರ ಇಡಿಯಾಗಿ ಬಂತು. ಅವನಿಗೆ ಊಟಕ್ಕೆ ಹೋಗು ಅಂದೆ. ಜಗಲಿಯ ಮೆಟ್ಟಿಲ ಮೇಲೆ ಕೂತು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಟಾರು ಒರೆಸಿದೆ. ಲ ಅಕ್ಷರ ಕಾಣಿಸುತ್ತದೆ ಅಂತಲೇ ಒರೆಸಿದೆ.

"ಜೆನೀವಾ ಬಂದಳು, ಮೇ 71."

ಅಷ್ಟೆ. ನರಿ ಬಂತು ಅಂತ ಬರೆದ ಹಾಗೇ. ಟಾರು ಯಾಕೆ ಬಳಿದರು ಅಂದರೆ, ಗಾಯ ಆದ ಮರಕ್ಕೆ ಟಾರು ಬಳಿಯುತ್ತಾರೆ, ಅದಕ್ಕೆ ಬಳಿದರು. ಮುಚ್ಚಿಡಲು ಅಲ್ಲ. ಇಪ್ಪತ್ತಾರು ವರ್ಷ ನಾನು ನನ್ನ ಹೆಸರಿನ ಮೇಲೆಯೇ ಹೊಟ್ಟೆ ಉರಿದುಕೊಂಡೆ. ಹೀಗೆ ಬರೆದಿದ್ದೀನಿ ಅಂತ ಒಂದು ದಿನ ಬಾಯಿಬಿಟ್ಟು ಹೇಳಬಾರದಿತ್ತೇ ಆ ಮನುಷ್ಯ. ನಾನು ಒಂದು ದಿನ ಕೇಳಬಾರದಿತ್ತೇ.

ಎರಡನೇ ವಾರದಿಂದ ಸುಖ ಹೋಯಿತು. ಗೆದ್ದೆ ಅಂತ ಯಾರಿಗೆ ಹೇಳಲಿ? ಮೋಸ್ಲಿ ಓದಿ, "ಇದನ್ನ ಎಲ್ಲಿಗೆ ಎಸೀಲಿ ಅಕ್ಕ?" ಅಂದ. ತಂಗಿ ತೀರಿಕೊಂಡು ನಾಲ್ಕು ವರ್ಷವಾಯಿತು. ಬರೆದವರೂ ಇಲ್ಲ. ಈ ಒಂದು ಸಾಲಿನ ಬೆಲೆ ಗೊತ್ತಿರುವವರು ಇಡೀ ಜಾರ್ಜಿಯಾದಲ್ಲಿ ಒಬ್ಬರೇ, ನೀವು. ನೀವು ಬರೆಯಬೇಡ ಅಂದಿದ್ದೀರಿ. ಆದರೂ ಬರೆಯುತ್ತಿದ್ದೇನೆ. ಕ್ಷಮಿಸಿ.

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಹೇಳದಿದ್ದರೆ ಮೋಸ ಆಗುತ್ತದೆ. ನನಗಿನ್ನೂ ಹೊಟ್ಟೆ ಉರಿಯುತ್ತಿದೆ. ವಾಪಸ್ ಬಂದವಳ ಹೆಸರನ್ನು ಅವರು ಬರೆದರು. ಆದರೆ ಬರೆದದ್ದು ಬಿಟ್ಟುಹೋದವಳ ಮರದಲ್ಲಿ. ನನಗೆ ಒಂದು ಸಾಲು ಸಿಕ್ಕಿತು, ನಿಮಗೆ ಇಡೀ ಮರ. ನಾನು ಮನೆ ಬಿಟ್ಟುಹೋದರೂ ಅದನ್ನು ಕಡಿಸಲು ಅವರು ಒಪ್ಪಲಿಲ್ಲ.

ಈಗ ಅಂಗಳದಲ್ಲಿ ಬಿಸಿಲು ಬೀಳುತ್ತಿದೆ. ಗುಡಿಸಲು ಏನೂ ಇಲ್ಲ. ಬೆಳಿಗ್ಗೆ ಪೊರಕೆ ಹಿಡಿದು ಹೊರಗೆ ಬಂದು ಸುಮ್ಮನೆ ನಿಂತುಕೊಳ್ಳುತ್ತೇನೆ.

ನಿಮ್ಮ,
ಜೆನೀವಾ


ಸವಾನಾ
14 ಏಪ್ರಿಲ್ 1998

ಜೆನೀವಾ,

ಲಕೋಟೆಯ ಮೇಲೆ ನಿನ್ನ ಕೈಬರಹ ನೋಡಿ ಸಿಮೆಂಟಿನಲ್ಲಿ ಇದ್ದದ್ದು ನನ್ನ ಹೆಸರೇ ಅಂದುಕೊಂಡೆ. ಒಡೆಯದೆ ಅರ್ಧ ದಿನ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಆ ಅರ್ಧ ದಿನ ಕೊಟ್ಟದ್ದಕ್ಕೆ ನಿನ್ನನ್ನು ಬೈಯಬೇಕೋ ಹರಸಬೇಕೋ ಗೊತ್ತಾಗುತ್ತಿಲ್ಲ. ಆಮೇಲೆ ಓದಿದೆ. ಓದಿ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ನೀನು ಹೇಳದಿದ್ದರೆ ಮೋಸ ಅಂದೆಯಲ್ಲ, ನಾನೂ ಒಂದು ಹೇಳುತ್ತೇನೆ. ಈ ಮಾತು ಬ್ಯಾಟಲ್‌ಗೂ ಹೇಳಿರಲಿಲ್ಲ. ಅರವತ್ತೊಂದರ ಜನವರಿಯಲ್ಲಿ ನಾನು ಹಿಕ್ಸ್ ಬಾಟಮ್‌ಗೆ ಬಂದಿದ್ದೆ. ಅದು ಲೈವ್ ಓಕ್ ಅಲ್ಲ ಅಂತ ಆಗಷ್ಟೇ ಗೊತ್ತಾಗಿತ್ತು, ಅವನಿಗೆ ಹೇಳಿ ನಗಬೇಕು ಅಂತ ಒಂದು ನೆಪ ಸಿಕ್ಕಿತ್ತು. ನೀನು ಕೋಳಿಗಳ ನೆಪ ಹೇಳಿಕೊಂಡ ಹಾಗೇ. ವಿಚ್ಛೇದನದ ಕಾಗದಪತ್ರಕ್ಕೆ ಸಹಿಯಾಗಿ ವರ್ಷವಾಗಿತ್ತು, ಆದರೂ ಪೆಟ್ಟಿಗೆಯಲ್ಲಿ ಎರಡು ವಾರಕ್ಕಾಗುವಷ್ಟು ಬಟ್ಟೆ ತುಂಬಿಕೊಂಡಿದ್ದೆ. ಅವನು ಇನ್ನೊಂದು ಮದುವೆಯಾದದ್ದು ನನಗೆ ಯಾರೂ ಹೇಳಿರಲಿಲ್ಲ.

ಬಸ್ಸಿಳಿದು ರಸ್ತೆಯ ತಿರುವಿನವರೆಗೆ ಬಂದೆ. ಒಬ್ಬ ಹೆಂಗಸು ನನ್ನ ಮರದ ಕೆಳಗೆ ಗುಡಿಸುತ್ತಿದ್ದಳು. ತಲೆಗೆ ಹಳದಿ ಬಟ್ಟೆ ಕಟ್ಟಿದ್ದಳು. ಒಂದು ಗೆರೆಯ ಪಕ್ಕಕ್ಕೆ ಇನ್ನೊಂದು ಗೆರೆ, ಒಂದೂ ಸೊಟ್ಟ ಇಲ್ಲ. ನನಗೆ ಅಂಗಳ ಅಷ್ಟು ಚೆನ್ನಾಗಿ ಗುಡಿಸಲು ಯಾವತ್ತೂ ಬರಲಿಲ್ಲ, ಅತ್ತೆ ಅದಕ್ಕೆ ದಿನಾ ಬೈಯುತ್ತಿದ್ದರು. ಅವನ ಬುತ್ತಿಯ ಡಬ್ಬಿ ಮರದ ಬೇರಿನ ಮೇಲಿತ್ತು. ಗುಡಿಸುತ್ತ ಗುಡಿಸುತ್ತ ನೀನು ಅದನ್ನು ಎತ್ತಿ, ಏಪ್ರನ್ನಿನಲ್ಲಿ ಒರೆಸಿ, ಮತ್ತೆ ಅಲ್ಲೇ ಇಟ್ಟೆ. ನಾನು ತಿರುಗಿ ನಡೆದು ಅದೇ ಬಸ್ಸಿಗೆ ಕಾದು ಹತ್ತಿದೆ. ಮೂವತ್ತೇಳು ವರ್ಷ ಆ ಪೊರಕೆಯ ಗೆರೆಗಳ ಮೇಲೆ ಹೊಟ್ಟೆ ಉರಿದುಕೊಂಡಿದ್ದೇನೆ. ನೀನು ಎಲೆ ಗುಡಿಸಿ ಸಾಕಾಯಿತು ಅಂತ ಬರೆದಾಗ ನನಗೆ ಹೇಗಾಗಿರಬೇಡ ಯೋಚನೆ ಮಾಡು.

ನರ್ಸರಿಯಲ್ಲಿ ಒಂದು ಲೈವ್ ಓಕ್ ಸಸಿ ತೆಗೆದಿಟ್ಟಿದ್ದೇನೆ. ಎಲೆಯ ಬೆನ್ನು ಉಜ್ಜಿ ನೋಡಿದೆ, ಬೂದುಬಣ್ಣದ ನಯ ಇದೆ, ಈ ಸಲ ತಪ್ಪಿಲ್ಲ. ಮನೆಯಿಂದ ದೂರ, ರಸ್ತೆಯ ಕಡೆ ಗುಂಡಿ ತೋಡಿಸು. ಇದು ಮಾರ್ಚಿನಲ್ಲಿ ಎರಡೇ ವಾರದಲ್ಲಿ ಎಲೆಯೆಲ್ಲ ಉದುರಿಸಿ ಮುಗಿಸುತ್ತದೆ, ನಿನ್ನ ಪೊರಕೆಗೆ ಅಷ್ಟು ಸಾಕು.

ಶನಿವಾರ ಎರಡು ಗಂಟೆಯ ಬಸ್ಸಿಗೆ ಬರುತ್ತೇನೆ. ಆ ಸಿಮೆಂಟನ್ನು ಎಸೆಯಬೇಡ. ನಿನ್ನ ಹೆಸರಿನ ಮೇಲೆ ಒಂದು ಸಾಲಿನಷ್ಟು ಜಾಗ ಇದೆಯೇ ನೋಡಿಡು. ಮೊಳೆ ನಾನೇ ತರುತ್ತೇನೆ. ಲುವೀನಿಯಾ ಬಂದಿದ್ದಳು, ಜನವರಿ 61 ಅಂತ ಬರೆಯಬೇಕು. ನನ್ನ ಕೈ ಈಗ ನಡುಗುತ್ತದೆ, ಬರೆದುಕೊಡಲು ನೀನೇ ಆಗಬೇಕು.

ನಿನ್ನ,
ಲೂ